ಫಿನ್ನಿಷ್‌ನ ‘ಸತ’ ನಮ್ಮ ‘ಶತ’ವೇನಾ? ಬಾಲ್ಟಿಕ್ ಕಡಲಿನ ಸುತ್ತ ಓಡಾಡಿದ ಪದಗಳು

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಹಾಸನದ ಹತ್ತಿರ. ಈಗ ಫಿನ್ಲೆಂಡಿನ ಎಸ್ಪೋದಲ್ಲಿದ್ದೇನೆ. ಸಂಜೆ ಹೊತ್ತು ಫಿನ್ನಿಷ್ ತರಗತಿಗೆ ಹೋಗುತ್ತೇನೆ. ಫಿನ್ನಿಷ್‌ಗೂ ಸ್ವೀಡಿಷ್‌ಗೂ ನಂಟಿಲ್ಲ ಅಂತ ಟೀಚರ್ ಹೇಳುತ್ತಾರೆ. ಆದರೆ ರಾಜನಿಗೆ ಇಲ್ಲಿ ‘ಕುನಿಂಗಸ್’, ಅಲ್ಲಿ ‘ಕುಂಗ್’. ಕುರ್ಚಿಗೆ ಇಲ್ಲಿ ‘ತುಓಲಿ’, ಅಲ್ಲಿ ‘ಸ್ತೂಲ್’. ಇದು ಹೇಗೆ? ಎರಡನೆಯದು, ನೂರಕ್ಕೆ ಫಿನ್ನಿಷ್‌ನಲ್ಲಿ ‘ಸತ’ ಅಂತಾರೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು, ‘ನೋಡಿ, ಫಿನ್ನಿಷ್ ಸಂಸ್ಕೃತದಿಂದಲೇ ಹುಟ್ಟಿದ್ದು’ ಅಂದರು. ಮೂರನೆಯದು, ‘ಬೀದಿಯಲ್ಲಿ’ ಅನ್ನೋದಕ್ಕೆ ‘ಕದುಲ್ಲ’ ಅಂತಾರೆ. ಆ ‘ಲ್ಲ’ ನಮ್ಮ ‘ಅಲ್ಲಿ’ ಥರವೇ ಇದೆ ಅಲ್ವಾ? ಹಾಗಾದರೆ ಕನ್ನಡಕ್ಕೂ ಫಿನ್ನಿಷ್‌ಗೂ ನಂಟಿದೆಯಾ?

ಉತ್ತರ: ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ‘ಕುನಿಂಗಸ್’ ಮತ್ತು ‘ಕುಂಗ್’ ಒಂದೇ ಪದ. ‘ಸತ’ ಮತ್ತು ‘ಶತ’ ಕೂಡ ಒಂದೇ ಪದ. ಆದರೂ ನಿಮ್ಮ ಟೀಚರ್ ಹೇಳಿದ್ದೇ ಸರಿ. ಈ ಪದಗಳು ಫಿನ್ನಿಷ್‌ಗೆ ಹುಟ್ಟಿನಿಂದ ಬಂದವಲ್ಲ, ನೆರೆಯವರಿಂದ ಎರವಲಾಗಿ ಬಂದವು. ಕನ್ನಡದ ಜೊತೆಗಿನ ಹೋಲಿಕೆಯ ಮಾತು ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಫಿನ್ನಿಷ್ ಪದಗಳ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಪೂರ್ತಿ ಹಿಡಿಯುವುದು ಕಷ್ಟ. ಹತ್ತಿರದ ರೂಪ ಬರೆದಿದ್ದೇನೆ. ನಿಮಗೆ ಮೂಲ ಗೊತ್ತಿರುವುದರಿಂದ ತೊಂದರೆ ಆಗಲಾರದು.

ಎರಡು ಭಾಷೆಗಳಿಗೆ ನಂಟಿದೆ ಅಂತ ಯಾವಾಗ ಹೇಳುತ್ತೇವೆ? ಒಂದಷ್ಟು ಪದ ಹೋಲಿದರೆ ಸಾಲದು. ಕೈ, ಕಣ್ಣು, ನೀರು, ಸಾಯು, ಎರಡು, ಮೂರು ಇಂಥ ದಿನಬಳಕೆಯ ಪದಗಳು ಒಂದು ಕ್ರಮದಲ್ಲಿ ಹೊಂದಬೇಕು. ತಮಿಳಿನಲ್ಲಿ ‘ಪಾಲ್’, ನಮ್ಮಲ್ಲಿ ‘ಹಾಲು’. ಅಲ್ಲಿ ‘ಪುಲಿ’, ಇಲ್ಲಿ ‘ಹುಲಿ’. ಅಲ್ಲಿನ ಪ ಇಲ್ಲಿ ಹ, ಮತ್ತೆ ಮತ್ತೆ. ಫಿನ್ನಿಷ್‌ಗೆ ಇಂಥ ಹೊಂದಾಣಿಕೆ ಸಿಗುವುದು ಎಸ್ಟೋನಿಯನ್, ಉತ್ತರದ ತುದಿಯ ಜನರ ಸಾಮಿ ಮತ್ತು ದೂರದ ಹಂಗೇರಿಯನ್ ಜೊತೆ. ಮೀನಿಗೆ ಫಿನ್ನಿಷ್‌ನಲ್ಲಿ ‘ಕಲ’, ಹಂಗೇರಿಯನ್‌ನಲ್ಲಿ ‘ಹಲ್’. ಮೂರಕ್ಕೆ ‘ಕೊಲ್ಮೆ’, ‘ಹಾರೊಮ್’. ಅಲ್ಲಿನ ಕ ಇಲ್ಲಿ ಹ. ಈ ನಂಟನ್ನು ಜಗತ್ತಿಗೆ ಸಾರಿದವರಲ್ಲಿ ಒಬ್ಬ ಖಗೋಳ ವಿಜ್ಞಾನದ ಕೆಲಸಕ್ಕೆ ಹೋದವನು ಅನ್ನೋದು ನನಗೆ ಇವತ್ತಿಗೂ ಬೆರಗು. ಹಂಗೇರಿಯ ಯಾನೋಶ್ ಶಾಯ್ನೊವಿಚ್ 1769ರ ಶುಕ್ರ ಸಂಕ್ರಮಣ, ಅಂದರೆ ಸೂರ್ಯನ ಮುಂದೆ ಶುಕ್ರ ಗ್ರಹ ಹಾಯುವುದನ್ನು ನೋಡಲು ನಾರ್ವೆಯ ಉತ್ತರ ತುದಿಯ ವಾರ್ಡೊ ಎಂಬ ಜಾಗಕ್ಕೆ ಹೋಗಿದ್ದ ತಂಡದಲ್ಲಿದ್ದ. ಅಲ್ಲಿ ಸಾಮಿ ಜನರ ಮಾತು ಕೇಳಿದ. ಮರುವರ್ಷವೇ ಸಾಮಿಗೂ ಹಂಗೇರಿಯನ್‌ಗೂ ನಂಟಿದೆ ಅಂತ ಪುಸ್ತಕ ಅಚ್ಚು ಹಾಕಿಸಿದ.

ಈ ಗುಂಪಿಗೆ ಯುರಾಲಿಕ್ ಅಂತ ಹೆಸರು. ಸ್ವೀಡಿಷ್, ನಾರ್ವೇಜಿಯನ್, ಡ್ಯಾನಿಷ್, ಐಸ್‌ಲ್ಯಾಂಡಿಕ್ ಬೇರೆ ಗುಂಪು. ಅವು ಜರ್ಮ್ಯಾನಿಕ್. ಇಂಗ್ಲಿಷ್, ಜರ್ಮನ್ ಅದೇ ಮನೆಯವು. ಅದೇ ದೊಡ್ಡ ವಂಶದ ಇನ್ನೊಂದು ಕವಲಿನಲ್ಲಿ ಸಂಸ್ಕೃತ ಇದೆ. ಹಾಗಾಗಿ ಸಂಸ್ಕೃತಕ್ಕೆ ರಕ್ತಸಂಬಂಧ ಇರೋದು ಸ್ವೀಡಿಷ್ ಜೊತೆ, ಫಿನ್ನಿಷ್ ಜೊತೆ ಅಲ್ಲ.

ಈಗ ‘ಕುನಿಂಗಸ್’ಗೆ ಬರೋಣ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಚೆಂದದ ಪದ ಇನ್ನೊಂದಿಲ್ಲ.

ಇಂಗ್ಲಿಷ್‌ನ ಕಿಂಗ್, ಜರ್ಮನ್‌ನ ಕ್ಯೋನಿಗ್, ಸ್ವೀಡಿಷ್‌ನ ಕುಂಗ್, ಐಸ್‌ಲ್ಯಾಂಡಿಕ್‌ನ ಕೊನುಂಗುರ್ ಎಲ್ಲವನ್ನೂ ಹೋಲಿಸಿ, ಇವುಗಳ ತಾಯಿರೂಪ ಏನಿದ್ದೀತು ಅಂತ ವಿದ್ವಾಂಸರು ಲೆಕ್ಕ ಹಾಕಿದರು. ಸಿಕ್ಕಿದ್ದು ‘ಕುನಿಂಗಜ಼್’. ಇದು ಯಾವ ಬರಹದಲ್ಲೂ ಸಿಕ್ಕಿದ್ದಲ್ಲ, ಹೋಲಿಸಿ ಕಟ್ಟಿದ ರೂಪ. ಅದರ ಪಕ್ಕದಲ್ಲಿ ಫಿನ್ನಿಷ್‌ನ ‘ಕುನಿಂಗಸ್’ ಇಟ್ಟು ನೋಡಿ. ಕೊನೆಯ ಜ಼ ಒಂದು ಸ ಆಗಿದೆ, ಯಾಕೆಂದರೆ ಫಿನ್ನಿಷ್‌ನಲ್ಲಿ ಜ಼ ಇಲ್ಲ. ಮಿಕ್ಕಿದ್ದೆಲ್ಲ ಹಾಗೇ ಇದೆ. ಪದವನ್ನು ಹುಟ್ಟಿಸಿದವರ ಮಕ್ಕಳು ಮೊಮ್ಮಕ್ಕಳು ಅದನ್ನು ಸವೆಸಿ ಸವೆಸಿ ಒಂದೇ ಉಸಿರಿನ ‘ಕುಂಗ್’ ಮಾಡಿಕೊಂಡರು. ಎರವಲು ಪಡೆದವರು ಮೂರು ಸ್ವರವನ್ನೂ ಉಳಿಸಿಕೊಂಡರು. ಎಸ್ಟೋನಿಯನ್‌ನಲ್ಲೂ ‘ಕುನಿಂಗಸ್’. ಉತ್ತರ ಸಾಮಿಯಲ್ಲಿ ‘ಗೊನಗಸ್’.

ಇದೊಂದೇ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಉಂಗುರ, ಬಳೆಯಂಥ ವಸ್ತುವಿಗೆ ಫಿನ್ನಿಷ್‌ನಲ್ಲಿ ‘ರೆಂಗಸ್’, ಮೂಲ ‘ಹ್ರೆಂಗಜ಼್’. ಸ್ವೀಡಿಷ್, ಇಂಗ್ಲಿಷ್ ಎರಡರಲ್ಲೂ ಈಗ ‘ರಿಂಗ್’. ಇಲ್ಲಿ ನಡುವಿನ ಎ ಗಮನಿಸಿ. ಜರ್ಮ್ಯಾನಿಕ್ ಭಾಷೆಗಳಲ್ಲಿ ಅನುನಾಸಿಕದ ಮುಂದಿನ ಎ ಬಹಳ ಹಿಂದೆಯೇ ಇ ಆಯಿತು. ಫಿನ್ನಿಷ್ ಆ ಬದಲಾವಣೆಗೂ ಮುಂಚಿನ ರೂಪ ಹಿಡಿದಿಟ್ಟಿದೆ. ಕುರಿಗೆ ‘ಲಮ್ಮಸ್’, ಅದು ‘ಲಂಬಜ಼್’. ಇಂಗ್ಲಿಷ್‌ನ ಲ್ಯಾಂಬ್ ಅದೇ. ‘ಚೆಂದ’ ಅನ್ನೋದಕ್ಕೆ ‘ಕೌನಿಸ್’, ಮೂಲ ‘ಸ್ಕೌನಿಜ಼್’, ಜರ್ಮನ್‌ನಲ್ಲಿ ಅದು ‘ಶ್ಯೋನ್’. ರಾಜಕುಮಾರ ಅಥವಾ ಪಾಳೆಯ ದೊರೆಗೆ ‘ರುಹ್ತಿನಸ್’, ಮೂಲ ‘ದ್ರುಹ್ತಿನಜ಼್’. ಸ್ವೀಡಿಷ್‌ನ ದಿನಬಳಕೆಯಲ್ಲಿ ಆ ಗಂಡಸಿನ ಪದ ಹೋಯಿತು, ಅದರಿಂದಾದ ರಾಣಿಯ ಪದ ‘ದ್ರೊತ್ನಿಂಗ್’ ಮಾತ್ರ ಉಳಿಯಿತು.

ಕಟ್ಟಿದ ರೂಪ ನಿಜವಾಗಿ ಇತ್ತು ಅಂತ ನಂಬೋದು ಹೇಗೆ? ಇದಕ್ಕೆ ಬೇರೆ ಕಡೆಯಿಂದಲೂ ಸಾಕ್ಷಿ ಇದೆ. ಡೆನ್ಮಾರ್ಕಿನ ದಕ್ಷಿಣ ಭಾಗದ ಗಾಲೆಹೂಸ್‌ನಲ್ಲಿ 1734ರಲ್ಲಿ ಒಂದು ಬಂಗಾರದ ಕೊಂಬು ಸಿಕ್ಕಿತು. ಸುಮಾರು ಕ್ರಿ.ಶ. 400ರ ಕಾಲದ್ದು. ಅದರ ಮೇಲೆ ಜರ್ಮ್ಯಾನಿಕ್ ಜನರ ಹಳೆಯ ರೂನಿಕ್ ಲಿಪಿಯಲ್ಲಿ ಒಂದು ಸಾಲು: ‘ಎಕ್ ಹ್ಲೆವಗಸ್ತಿಜ಼್ ಹೊಲ್ತಿಯಜ಼್ ಹೊರ್ನ ತವಿದೊ’. ಹ್ಲೆವಗಸ್ತಿ ಅನ್ನೋ ನಾನು ಈ ಕೊಂಬು ಮಾಡಿದೆ, ಅಂತ ಅರ್ಥ. ನೋಡಿ, ಹೆಸರುಗಳ ಕೊನೆಯಲ್ಲಿ ಅದೇ ‘ಇಜ಼್’, ‘ಅಜ಼್’. 1802ರಲ್ಲಿ ಕಳ್ಳನೊಬ್ಬ ಆ ಕೊಂಬನ್ನು ಕದ್ದು ಕರಗಿಸಿಬಿಟ್ಟ. ಪುಣ್ಯಕ್ಕೆ ಅದರ ಚಿತ್ರ ಬರೆದಿಟ್ಟಿದ್ದರು. ಕರಗಿಹೋದ ಕೊಂಬಿನ ಮೇಲಿದ್ದ ಕೊನೆಯಕ್ಷರ ಇವತ್ತು ಹೆಲ್ಸಿಂಕಿಯ ಮಕ್ಕಳ ಬಾಯಲ್ಲಿ ದಿನಾ ಬರುತ್ತದೆ.

ಇದನ್ನೆಲ್ಲ ಗಟ್ಟಿಯಾದ ಶಾಸ್ತ್ರ ಮಾಡಿದವನು ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್. 1869ರಲ್ಲಿ ಫಿನ್ನಿಷ್‌ನ ಜರ್ಮ್ಯಾನಿಕ್ ಎರವಲುಗಳ ಮೇಲೆ ಪ್ರಬಂಧ ಬರೆದ. 1890ರಲ್ಲಿ ಬಾಲ್ಟಿಕ್, ಅಂದರೆ ಲಿಥುವೇನಿಯನ್, ಲ್ಯಾಟ್ವಿಯನ್ ಗುಂಪಿನ ಎರವಲುಗಳ ಮೇಲೆ ಇನ್ನೊಂದು ಪುಸ್ತಕ ತಂದ. 1893ರಲ್ಲಿ ಮಂಗೋಲಿಯಾದ ಹಳೆಯ ತುರ್ಕಿ ಶಾಸನಗಳ ಲಿಪಿಯನ್ನು ಬಿಡಿಸಿದವನೂ ಇವನೇ. ಅವನು ತೋರಿಸಿಕೊಟ್ಟ ದಾರಿ ಇವತ್ತಿಗೂ ನಡೆಯುತ್ತಿದೆ: ಎರವಲು ಪದದ ಸದ್ದು ನೋಡಿದರೆ, ಅದು ಯಾವಾಗ ಬಂತು ಅಂತ ಹೇಳಬಹುದು.

ಅದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮೂರೂ ಪ್ರಶ್ನೆಗೆ ಬೀಗದ ಕೈ ಇಲ್ಲೇ ಇದೆ.

ಹಳೆಯ ಫಿನ್ನಿಷ್‌ನಲ್ಲಿ ಪದದ ಮೊದಲಿಗೆ ಒತ್ತಕ್ಷರ ಬರುವಂತಿರಲಿಲ್ಲ. ಹಾಗಾಗಿ ದಡಕ್ಕೆ ಸ್ವೀಡಿಷ್‌ನವರು ಇವತ್ತಿಗೂ ಹೇಳುವ ‘ಸ್ತ್ರಾಂದ್’ ಹಿಂದೆಯೇ ಇಲ್ಲಿ ‘ರಂತ’ ಆಗಿತ್ತು. ‘ಸ್ಕೂಲ’ ಬಂದು ‘ಕೋಉಲು’ ಆಯಿತು. ‘ಸ್ತೂಲ್’ ಬಂದು ನಿಮ್ಮ ‘ತುಓಲಿ’ ಆಯಿತು. ನಮ್ಮ ಹಳ್ಳಿಗಳಲ್ಲಿ ಸ್ಕೂಲ್ ಅನ್ನಲು ಕಷ್ಟವಾದಾಗ ಮುಂದೊಂದು ಇ ಸೇರಿಸಿ ‘ಇಸ್ಕೂಲು’ ಅಂದರು. ಫಿನ್ನರು ಮುಂದಿನ ಸ ಕಿತ್ತುಹಾಕಿದರು. ಪದದ ಕೊನೆಯಲ್ಲೂ ಇಂಥದ್ದೇ ಕೆಲಸ. ನಾವು ಬಸ್ಸು, ಪೋಸ್ಟು, ಬ್ಯಾಂಕು ಅಂತ ಉ ಹಚ್ಚುತ್ತೇವೆ. ಅವರು ‘ಬುಸ್ಸಿ’, ‘ಪೊಸ್ತಿ’, ‘ಪಂಕ್ಕಿ’ ಅಂತ ಇ ಹಚ್ಚುತ್ತಾರೆ. ಬ, ದ, ಗ ಕೂಡ ಹಳೆಯ ಫಿನ್ನಿಷ್‌ನ ಮೊದಲಕ್ಷರದಲ್ಲಿ ಇರಲಿಲ್ಲ. ಸ್ವೀಡಿಷ್‌ನ ‘ಗಾತ’ ಫಿನ್ನಿಷ್‌ಗೆ ‘ಕತು’ ಆಗಿ ಬಂತು. ನೀವು ಕೊಟ್ಟ ‘ಕದುಲ್ಲ’ದ ಬುಡ ಅದೇ. ಅಂದರೆ ನೀವು ಕನ್ನಡದ ಹತ್ತಿರ ಅಂದುಕೊಂಡ ಆ ಮಾತಿನ ಮುಕ್ಕಾಲು ಪಾಲು ಸ್ವೀಡಿಷ್.

ಈಗ ಫ ಸದ್ದನ್ನೇ ಹಿಡಿದು ನೋಡೋಣ. ಫಿನ್ನಿಷ್‌ನಲ್ಲಿ ಫ ಇರಲಿಲ್ಲ. ಎರಡು ಸಾವಿರ ವರ್ಷದ ಹಿಂದಿನ ಎರವಲುಗಳಲ್ಲಿ ಅದು ಪ ಆಯಿತು. ಹೊಲಕ್ಕೆ ‘ಪೆಲ್ತೊ’, ಇಂಗ್ಲಿಷ್‌ನ ಫೀಲ್ಡ್ ಇದರ ಬಂಧು. ಸ್ವೀಡಿಷ್ ಆಳ್ವಿಕೆಯ ನಡುಗಾಲದಲ್ಲಿ ಬಂದ ಪದಗಳಲ್ಲಿ ಅದು ವ ಆಯಿತು. ತಟ್ಟೆ, ಬೋಗುಣಿಗೆ ಸ್ವೀಡಿಷ್‌ನಲ್ಲಿ ‘ಫಾತ್’, ಫಿನ್ನಿಷ್‌ನಲ್ಲಿ ‘ವತಿ’. ಆಮೇಲೆ ಬಂದ ಕಾಫಿ ‘ಕಹ್ವಿ’ ಆಯಿತು, ಸೋಫಾ ‘ಸೊಹ್ವ’ ಆಯಿತು. ಕೊನೆಗೆ ಬಂದ ಫಿಲ್ಮು ‘ಫಿಲ್ಮಿ’ ಆಗಿ ಫ ಉಳಿಸಿಕೊಂಡಿತು. ಒಂದೇ ಸದ್ದು, ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ರೂಪ.

ಒಂದೇ ಪದ ಎರಡು ಸಲ ಬಂದಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಸ್ವೀಡಿಷ್‌ನಲ್ಲಿ ಕ್ರಿಸ್‌ಮಸ್‌ಗೆ ‘ಯೂಲ್’. ಕ್ರೈಸ್ತ ಧರ್ಮ ಬರುವ ಮುಂಚೆ ಅದು ನಟ್ಟನಡು ಚಳಿಗಾಲದ ಹಬ್ಬದ ಹೆಸರು. ಫಿನ್ನರು ಇದನ್ನು ಒಮ್ಮೆ ಬಹಳ ಹಿಂದೆ ಪಡೆದರು, ಆಗ ಪದದ ನಡುವೆ ಹ ಇತ್ತು. ಅದು ‘ಯುಹ್ಲ’ ಆಗಿ, ಯಾವುದೇ ಹಬ್ಬ, ಸಮಾರಂಭ ಅನ್ನೋ ಅರ್ಥದಲ್ಲಿ ಉಳಿಯಿತು. ಆಮೇಲೆ ನೆರೆಯವರ ಬಾಯಲ್ಲಿ ಹ ಹೋಯಿತು. ಅದೇ ಪದ ಮತ್ತೆ ಬಂತು, ಈ ಸಲ ‘ಯೋಉಲು’ ಆಗಿ. ಇದರ ಅರ್ಥ ಕ್ರಿಸ್‌ಮಸ್. ನಮ್ಮಲ್ಲೂ ಇಂಥದ್ದೇ ಜೋಡಿ ಇದೆ, ಅದೂ ಇದೇ ಅರ್ಥದಲ್ಲಿ. ‘ಪರ್ವ’ ಪ್ರಾಕೃತದ ದಾರಿಯಲ್ಲಿ ‘ಪಬ್ಬ’ ಆಗಿ ಕನ್ನಡಕ್ಕೆ ಬಂತು. ಕನ್ನಡದ ಪ ಹ ಆದಾಗ ಅದೂ ಜೊತೆಗೆ ಸೇರಿ ‘ಹಬ್ಬ’ ಆಯಿತು. ಪುಸ್ತಕದ ದಾರಿಯಲ್ಲಿ ಬಂದ ‘ಪರ್ವ’ ಹಾಗೇ ಉಳಿಯಿತು. ಎರಡೂ ಒಂದೇ ಪದ, ಬಂದ ದಾರಿ ಬೇರೆ, ಕಾಲ ಬೇರೆ.

ಆದರೆ ಒಂದೇ ಸದ್ದು ನೋಡಿ ತೀರ್ಪು ಕೊಟ್ಟರೆ ಎಡವುತ್ತೇವೆ. ಶುಕ್ರವಾರಕ್ಕೆ ‘ಪೆರ್ಯಂತೈ’ ಅಂತೀರಲ್ಲ? ಮೊದಲಲ್ಲಿ ಪ ಇದೆ ಅಂತ ಅದನ್ನು ‘ಪೆಲ್ತೊ’ ಕಾಲಕ್ಕೆ ಸೇರಿಸುವಂತಿಲ್ಲ. ಅದು ಹಳೆ ಸ್ವೀಡಿಷ್‌ನ ‘ಫ್ರೀಯದಗ್’ನಿಂದ ಬಂದದ್ದು, ನಡುಗಾಲದ್ದು. ಫ್ರ ಅನ್ನೋ ಒತ್ತಕ್ಷರ ಮುರಿಯಲು ಅಲ್ಲಿ ಪೆರ್ ಆಗಿದೆ. ಎಸ್ಟೋನಿಯನ್‌ನವರು ಅದೇ ವಾರವನ್ನು ಉತ್ತರ ಜರ್ಮನಿಯ ಮಾತಾದ ಲೋ ಜರ್ಮನ್‌ನಿಂದ ಪಡೆದು ‘ರೇದೆ’ ಮಾಡಿಕೊಂಡರು. ಪಕ್ಕಪಕ್ಕದ ಎರಡು ಸೋದರ ಭಾಷೆ, ಒಂದೇ ವಾರ, ಎರಡು ಸಾಲದ ಮನೆ. ಕನ್ನಡಿಯ ಪದವೂ ಹಾಗೇ. ಫಿನ್ನರಿಗೆ ಸ್ವೀಡಿಷ್‌ನಿಂದ ‘ಪೆಯ್ಲಿ’, ಎಸ್ಟೋನಿಯನ್ನರಿಗೆ ಲೋ ಜರ್ಮನ್‌ನಿಂದ ‘ಪೇಗೆಲ್’. ಎಸ್ಟೋನಿಯಾದ ಟಾಲಿನ್‌ನಂಥ ಊರುಗಳಲ್ಲಿ ಜರ್ಮನ್ ವರ್ತಕರದ್ದೇ ಕಾರುಬಾರು ಇತ್ತು, ಫಿನ್ಲೆಂಡಿನ ಟುರ್ಕುವಿನಲ್ಲಿ ಸ್ವೀಡಿಷ್ ಆಡಳಿತ ಇತ್ತು. ಪದಗಳು ಅದನ್ನೇ ಹೇಳುತ್ತವೆ.

ಏನೇನು ಎರವಲು ಬಂತು ಅಂತ ನೋಡಿದರೆ ಆ ಕಾಲದ ಜೀವನ ಕಾಣುತ್ತದೆ. ರೊಟ್ಟಿಗೆ ‘ಲೆಯ್ಪ್ಯಾ’, ಇಂಗ್ಲಿಷ್‌ನ ಲೋಫ್ ಇದರ ಬಂಧು. ಕೋಳಿಗೆ ‘ಕನ’, ಕುರಿಗೆ ‘ಲಮ್ಮಸ್’, ಹೊಲಕ್ಕೆ ‘ಪೆಲ್ತೊ’, ಬಂಗಾರಕ್ಕೆ ‘ಕುಲ್ತ’, ಕತ್ತಿಗೆ ‘ಮಿಯೆಕ್ಕ’. ಎಲ್ಲ ಜರ್ಮ್ಯಾನಿಕ್. ಮೀನು, ಮರ, ನೀರು, ಕಲ್ಲು ಮನೆಯ ಪದಗಳಾಗಿ ಉಳಿದವು. ಹೊಲ, ಲೋಹ, ಆಳ್ವಿಕೆ, ವ್ಯಾಪಾರದ ಪದಗಳು ಹೊರಗಿನಿಂದ ಜಾಸ್ತಿ ಬಂದವು.

ಹಣದ ಪದ ನನಗೆ ತುಂಬ ಇಷ್ಟ. ಫಿನ್ನಿಷ್‌ನಲ್ಲೂ ಎಸ್ಟೋನಿಯನ್‌ನಲ್ಲೂ ಹಣಕ್ಕೆ ‘ರಹ’. ಇದು ಒಣಗಿಸಿದ ತೊಗಲು ಅನ್ನೋ ಅರ್ಥದ ಹಳೆಯ ಜರ್ಮ್ಯಾನಿಕ್ ಪದ. ಉತ್ತರದ ಕಾಡಿನಲ್ಲಿ ನಾಣ್ಯ ಇರಲಿಲ್ಲ, ತುಪ್ಪಳದ ಚರ್ಮವೇ ಹಣವಾಗಿ ಓಡಾಡುತ್ತಿತ್ತು. ನಾಣ್ಯ ಬಂದ ಮೇಲೂ ಪದ ಬದಲಾಗಲಿಲ್ಲ. ಇವತ್ತು ನಿಮ್ಮ ಬ್ಯಾಂಕ್ ಖಾತೆಯಲ್ಲಿರುವ ಯೂರೋ ಕೂಡ ‘ರಹ’ವೇ.

ಇನ್ನು ಸಂಬಂಧದ ಪದಗಳು. ಅಪ್ಪನಿಗೆ ‘ಇಸ್ಯಾ’, ಮಗನಿಗೆ ‘ಪೊಯ್ಕ’, ಅಣ್ಣ ತಮ್ಮನಿಗೆ ‘ವೆಲಿ’. ಇವು ಫಿನ್ನಿಷ್‌ನದೇ ಪದಗಳು. ಅಮ್ಮನಿಗೆ ‘ಆ್ಯಯ್ತಿ’, ಇದು ಜರ್ಮ್ಯಾನಿಕ್. ಆ ಗುಂಪಿನ ಹಳೆಯ ಗೋಥಿಕ್ ಭಾಷೆಯಲ್ಲಿ ತಾಯಿಯ ಪದ ಇದೇ. ಮಗಳಿಗೆ ‘ತ್ಯುತ್ಯಾರ್’, ಅಕ್ಕ ತಂಗಿಗೆ ‘ಸಿಸರ್’, ಮದುಮಗಳಿಗೆ ‘ಮೊರ್ಸಿಯನ್’. ಈ ಮೂರೂ ಬಾಲ್ಟಿಕ್ ಭಾಷೆಗಳಿಂದ, ಅಂದರೆ ಇವತ್ತಿನ ಲಿಥುವೇನಿಯನ್, ಲ್ಯಾಟ್ವಿಯನ್‌ನ ಪೂರ್ವಜರಿಂದ ಬಂದವು. ಗಂಡಸರ ಪದ ಮನೆಯದು, ಹೆಂಗಸರ ಪದ ಎರವಲು. ಬೇರೆ ಮಾತಿನ ಹುಡುಗಿಯರು ಸೊಸೆಯರಾಗಿ ಬಂದಿರಬೇಕು ಅಂತ ಅನೇಕರು ಊಹಿಸುತ್ತಾರೆ. ಊಹೆ ಆಕರ್ಷಕ, ನನಗೂ ಒಪ್ಪಿಗೆ ಅನಿಸುತ್ತದೆ. ಆದರೆ ತಾಯಿಗೆ ಫಿನ್ನಿಷ್‌ನದೇ ‘ಎಮ್ಯಾ’ ಅನ್ನೋ ಪದ ಇತ್ತು ಅನ್ನೋದು ಮರೆಯಬಾರದು. ಎಸ್ಟೋನಿಯನ್‌ನಲ್ಲಿ ಇವತ್ತಿಗೂ ಅಮ್ಮ ‘ಎಮ’. ಫಿನ್ನಿಷ್‌ನಲ್ಲಿ ಅದು ಪ್ರಾಣಿಗಳ ತಾಯಿಗೆ ಮೀಸಲಾಯಿತು. ಪದ ಇಲ್ಲದ್ದಕ್ಕೇ ಎರವಲು ಪಡೆಯುತ್ತಾರೆ ಅನ್ನೋ ಮಾತು ಸುಳ್ಳು. ಇದ್ದ ಪದವನ್ನೇ ಹೊಸದು ಬಂದು ಕೆಳಗೆ ತಳ್ಳುತ್ತದೆ.

ಬಾಲ್ಟಿಕ್ ಎರವಲು ದೇಹದೊಳಗೂ ಹೊಕ್ಕಿದೆ. ಹಲ್ಲಿಗೆ ‘ಹಮ್ಮಸ್’, ಕುತ್ತಿಗೆಗೆ ‘ಕೌಲ’. ಗೋಡೆ, ಸೇತುವೆ, ಕೊಡಲಿ, ಬಟಾಣಿ, ಹುಲ್ಲಿನ ಪದಗಳೂ ಅವರವೇ.

ಈಗ ‘ಸತ’. ಫಿನ್ನಿಷ್ ಎಣಿಕೆಯನ್ನೇ ಕೆಳಗಿನಿಂದ ಮೇಲಕ್ಕೆ ನೋಡಿ. ಒಂದರಿಂದ ಆರರವರೆಗೆ ಯುರಾಲಿಕ್ ಪದಗಳು. ನೂರು, ‘ಸತ’, ಇಂಡೋ-ಇರಾನಿಯನ್, ಅಂದರೆ ಸಂಸ್ಕೃತ ಮತ್ತು ಇರಾನಿ ಭಾಷೆಗಳ ಕವಲಿನದು. ಸಾವಿರ, ‘ತುಹತ್’, ಬಾಲ್ಟಿಕ್. ಮಿಲಿಯನ್, ‘ಮಿಲ್ಯೋನ’, ಸ್ವೀಡಿಷ್ ದಾರಿಯಲ್ಲಿ ಬಂದದ್ದು. ಲೆಕ್ಕ ದೊಡ್ಡದಾದಷ್ಟೂ ನೆರೆಯವರ ಸಹಾಯ ಬೇಕಾಗಿದೆ. ಹಂಗೇರಿಯನ್‌ನಲ್ಲಿ ನೂರಕ್ಕೆ ‘ಸಾಜ಼್’, ಅದೂ ಅದೇ ಎರವಲು. ಅವರು ಸಾವಿರಕ್ಕೆ ‘ಎಜ಼ೆರ್’ ಅನ್ನುತ್ತಾರೆ. ಅದು ಇರಾನಿನ ‘ಹಜ಼ಾರ್’. ಹಜ಼ಾರ್ ಮತ್ತು ಸಂಸ್ಕೃತದ ‘ಸಹಸ್ರ’ ಒಂದೇ ಬೇರಿನವು. ನಮ್ಮ ‘ಸಾವಿರ’ ಕೂಡ ‘ಸಹಸ್ರ’ದಿಂದ ಬಂದದ್ದು, ಹಳಗನ್ನಡದಲ್ಲಿ ‘ಸಾಸಿರ’. ನಮಗೆ ‘ನೂರು’ ಮನೆಯದು, ‘ಸಾವಿರ’ ಎರವಲು. ಹಾಗಂತ ಕನ್ನಡ ಸಂಸ್ಕೃತದಿಂದ ಹುಟ್ಟಿತು ಅನ್ನುತ್ತೇವೆಯೇ? ಇಲ್ಲ. ನಿಮ್ಮ ಗುಂಪಿನವರಿಗೆ ಈ ಒಂದು ಮಾತು ಹೇಳಿದರೆ ಸಾಕು.

‘ಸತ’ದ ಜೊತೆಗಾರರು ಇನ್ನೂ ಇದ್ದಾರೆ. ಸುತ್ತಿಗೆಗೆ ‘ವಸರ’. ಇಂದ್ರನ ಕೈಯ ‘ವಜ್ರ’ ಇದೇ ಪದ. ನಮಗೆ ವಜ್ರ ಅಂದರೆ ಹರಳು ನೆನಪಾಗುತ್ತದೆ, ಮೂಲದಲ್ಲಿ ಅದು ಗದೆಯಂಥ ಆಯುಧ. ಫಿನ್ನಿಷ್ ಅದನ್ನು ಕಮ್ಮಾರನ ಕೈಗೆ ಕೊಟ್ಟಿತು. ಕರುವಿಗೆ ‘ವಸಿಕ್ಕ’, ಅದರ ಬೇರು ‘ವಸ’, ಅದು ‘ವತ್ಸ’. ಜೇನಿಗೆ, ಮಕರಂದಕ್ಕೆ ‘ಮೆಸಿ’, ಪ್ರತ್ಯಯ ಸೇರಿದಾಗ ‘ಮೆತೆ’ ಅನ್ನೋ ರೂಪ ಬರುತ್ತದೆ, ಅದು ‘ಮಧು’ವಿನ ಬಂಧು. ಜೇನುಹುಳುವಿನ ಪದ ‘ಮೆಹಿಲ್ಯಾಯ್ನೆನ್’, ಅದರ ಬೇರು ಸಂಸ್ಕೃತದ ‘ಮಕ್ಷಿಕಾ’ ಕಡೆಯದು. ಗುಲಾಮನಿಗೆ ‘ಒರ್ಯ’. ಇದನ್ನು ಹೆಚ್ಚಿನ ವಿದ್ವಾಂಸರು ‘ಆರ್ಯ’ ಪದಕ್ಕೆ ಜೋಡಿಸುತ್ತಾರೆ. ಸೆರೆಸಿಕ್ಕ ನೆರೆಯವರ ಕುಲದ ಹೆಸರೇ ಗುಲಾಮ ಅನ್ನೋ ಅರ್ಥ ಪಡೆದಿರಬಹುದು. ಸ್ಲಾವ್ ಜನರ ಹೆಸರಿಂದ ಇಂಗ್ಲಿಷ್‌ನಲ್ಲಿ ಗುಲಾಮನ ಪದ ಹುಟ್ಟಿದ್ದು ಹೀಗೆಯೇ.

ಇವು ಭಾರತದಿಂದ ಹೋದವಲ್ಲ. ಇಲ್ಲೇ ವಾಟ್ಸಾಪ್ ಮಾತು ದಾರಿ ತಪ್ಪುವುದು. ಸಂಸ್ಕೃತ ಮತ್ತು ಇರಾನಿ ಭಾಷೆಗಳು ಬೇರೆಯಾಗುವ ಮುಂಚೆ, ಅಥವಾ ಆಗಿನ್ನೂ ಬೇರೆಯಾಗುತ್ತಿದ್ದ ಕಾಲದಲ್ಲಿ, ಅವುಗಳ ಪೂರ್ವಜರು ಉರಲ್ ಬೆಟ್ಟಗಳ ದಕ್ಷಿಣಕ್ಕೆ, ವೋಲ್ಗಾ ನದಿಯ ಪೂರ್ವದ ಹುಲ್ಲುಗಾವಲಿನಲ್ಲಿ ಇದ್ದರು. ಅಲ್ಲಿ ಕ್ರಿ.ಪೂ. 2000ದ ಆಸುಪಾಸಿನ ಸಿಂತಾಷ್ತ ಎಂಬ ಸಂಸ್ಕೃತಿಯ ಕೋಟೆಗಳು, ರಥಗಳು ಅಗೆತದಲ್ಲಿ ಸಿಕ್ಕಿವೆ. ಅನೇಕ ವಿದ್ವಾಂಸರು ಅದನ್ನು ಇಂಡೋ-ಇರಾನಿಯನ್ ಮಾತಾಡುವವರದ್ದು ಅನ್ನುತ್ತಾರೆ. ಅವರ ಉತ್ತರದ ಕಾಡುಗಳಲ್ಲಿ ಯುರಾಲಿಕ್ ಮಾತಾಡುವವರಿದ್ದರು. ಪದ ಕೈ ಬದಲಾಯಿಸಿದ್ದು ಆ ಗಡಿಯಲ್ಲಿ. ಅಲ್ಲಿಂದ ಒಂದು ಗುಂಪು ದಕ್ಷಿಣಕ್ಕೆ ಬಂತು, ಅವರ ಜೊತೆ ‘ಶತ’ ಭಾರತಕ್ಕೆ ಬಂತು. ಯುರಾಲಿಕ್ ಮಾತಾಡುವವರ ಒಂದು ಗುಂಪು ಪಶ್ಚಿಮಕ್ಕೆ ಹೋಯಿತು, ಅವರ ಜೊತೆ ‘ಸತ’ ಬಾಲ್ಟಿಕ್ ಕಡಲಿಗೆ ಹೋಯಿತು. ಎಸ್ಪೋದ ಅಂಗಡಿಯಲ್ಲಿ ನೀವು ‘ಸತ’ ಕೇಳಿದಾಗ ಆಗುವ ಖುಷಿ ಸುಳ್ಳಲ್ಲ. ಅದರ ಹಿಂದಿನ ಕಥೆ ಮಾತ್ರ ವಾಟ್ಸಾಪ್ ಹೇಳುವುದಕ್ಕಿಂತ ದೊಡ್ಡದು.

ಸ್ಲಾವಿಕ್, ಅಂದರೆ ರಷ್ಯನ್ ಗುಂಪಿನ ಎರವಲುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಜೋಡಿ ಹೇಳದೆ ಬಿಡಲಾರೆ. ಸಂತೆ, ಪೇಟೆ ಅನ್ನೋ ಅರ್ಥದ ಹಳೆಯ ಸ್ಲಾವಿಕ್ ಪದ ನೇರವಾಗಿ ಫಿನ್ನಿಷ್‌ಗೆ ಬಂದು ‘ಟುರ್ಕು’ ಆಯಿತು. ಈಗ ಅದು ಆ ಊರಿನ ಹೆಸರು. ಅದೇ ಸ್ಲಾವಿಕ್ ಪದ ಸ್ವೀಡಿಷ್‌ಗೂ ಹೋಗಿ ‘ತೊರ್ಗ್’ ಆಯಿತು. ಅಲ್ಲಿಂದ ಫಿನ್ನಿಷ್‌ಗೆ ಎರಡನೇ ಸಲ ‘ತೊರಿ’ ಆಗಿ ಬಂತು. ನೀವು ಟುರ್ಕು ಊರಿನ ತೊರಿಯಲ್ಲಿ ತರಕಾರಿ ಕೊಂಡರೆ, ಪೇಟೆಯ ಪೇಟೆಯಲ್ಲಿ ಕೊಂಡ ಹಾಗೆ. ಶಿಲುಬೆಗೆ ‘ರಿಸ್ತಿ’, ಪಾದ್ರಿಗೆ ‘ಪಪ್ಪಿ’, ಬೈಬಲ್‌ಗೆ ‘ರಾಮತ್ತು’, ಇವೂ ಪೂರ್ವದವೇ. ಸ್ವೀಡಿಷ್ ಚರ್ಚು ಬರುವ ಮುಂಚೆಯೇ ಪೂರ್ವದಿಂದ ಕ್ರೈಸ್ತ ಧರ್ಮದ ಗಾಳಿ ಬೀಸಿತ್ತು ಅಂತ ಇದರಿಂದ ಗೊತ್ತಾಗುತ್ತದೆ.

ದೇಶದ ಹೆಸರುಗಳಲ್ಲೂ ಒಂದು ವಿಚಿತ್ರ ಇದೆ. ಫಿನ್ನರು ಸ್ವೀಡನ್‌ಗೆ ‘ರುಓತ್ಸಿ’ ಅನ್ನುತ್ತಾರೆ. ಸ್ವೀಡನ್‌ನ ಕರಾವಳಿಯಿಂದ ಹುಟ್ಟುಹಾಕುತ್ತ ದೋಣಿಯಲ್ಲಿ ಬರುತ್ತಿದ್ದವರಿಗೆ ಬಿದ್ದ ಹೆಸರು ಅದು. ಆ ಜನ ಪೂರ್ವದ ನದಿಗಳಲ್ಲಿ ಮುಂದೆ ಹೋದರು. ಅವರನ್ನು ಸ್ಲಾವ್ ಜನ ಕರೆದದ್ದು ‘ರುಸ್’ ಅಂತ. ಅದರಿಂದ ರಷ್ಯಾ ಅನ್ನೋ ಹೆಸರು ಬಂತು ಅಂತ ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪುತ್ತಾರೆ. ಫಿನ್ನಿಷ್‌ನಲ್ಲಿ ಸ್ವೀಡನ್ ಆಗಿರುವ ಪದ ಜಗತ್ತಿಗೆಲ್ಲ ರಷ್ಯಾ ಆಗಿದೆ.

ಎರವಲು ಒಂದೇ ಕಡೆಗೆ ಹರಿಯಿತಾ? ಇಲ್ಲ, ಆದರೆ ತಿರುಗಿ ಹೋದದ್ದು ಕಡಿಮೆ. ಸ್ವೀಡಿಷ್‌ನಲ್ಲಿ ಹುಡುಗನಿಗೆ ‘ಪೊಯ್ಕೆ’, ಅದು ಫಿನ್ನಿಷ್‌ನ ‘ಪೊಯ್ಕ’. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಪದ, ಅದೂ ಎರವಲು ಅಂತ ಎಷ್ಟೋ ಸ್ವೀಡಿಷರಿಗೆ ಹೊಳೆದಿರಲಿಕ್ಕಿಲ್ಲ. ಚಳಿಯ ಬೂಟಿಗೆ ‘ಪ್ಯಾಕ್ಸ’, ಅದು ಫಿನ್ನಿಷ್‌ನ ‘ಪಿಯೆಕ್ಸು’. ಹಿಮದ ಮೇಲೆ ಎಳೆಯುವ ಚಿಕ್ಕ ಬಂಡಿ ‘ಪುಲ್ಕ’ ಸಾಮಿ, ಫಿನ್ನಿಷ್ ಕಡೆಯಿಂದ ಹೋದದ್ದು. 16ನೇ ಶತಮಾನದ ಕೊನೆಯಲ್ಲಿ ಕಾಡು ಸುಟ್ಟು ರೈ ಬೆಳೆಯುವ ಫಿನ್ನರು ಸ್ವೀಡನ್‌ನ ವ್ಯಾರ್ಮ್‌ಲಾಂದ್ ಕಡೆಗೆ ವಲಸೆ ಹೋದರು. ಹೊಗೆ ತುಂಬುವ ಅವರ ಮರದ ಮನೆಗೆ ಫಿನ್ನಿಷ್‌ನಲ್ಲಿ ‘ಪಿರ್ತ್ತಿ’. ಸ್ವೀಡಿಷ್ ಅದನ್ನು ‘ಪ್ಯೋರ್ತೆ’ ಅಂತ ತೆಗೆದುಕೊಂಡಿತು. ಆ ‘ಪಿರ್ತ್ತಿ’ ತಾನೇ ಬಾಲ್ಟಿಕ್ ಮೂಲದ್ದು. ಲಿಥುವೇನಿಯನ್‌ನಲ್ಲಿ ‘ಪಿರ್ತಿಸ್’ ಅಂದರೆ ಬಿಸಿ ಆವಿಯ ಸ್ನಾನದ ಮನೆ.

ತಿರುಗಿ ಹೋದದ್ದು ಯಾಕೆ ಕಡಿಮೆ? ಅಧಿಕಾರ ಯಾರ ಕೈಯಲ್ಲಿತ್ತು ಅನ್ನೋದೇ ಕಾರಣ. 1809ರವರೆಗೆ ಫಿನ್ಲೆಂಡ್ ಸ್ವೀಡನ್‌ನ ಭಾಗವಾಗಿತ್ತು. ಕೋರ್ಟು, ಕಚೇರಿ ಎಲ್ಲ ಸ್ವೀಡಿಷ್. ಮಿಕಾಯೆಲ್ ಅಗ್ರಿಕೊಲ ಫಿನ್ನಿಷ್‌ನ ಮೊದಲ ಅಚ್ಚಿನ ಪುಸ್ತಕ ತಂದದ್ದು 1543ರಲ್ಲಿ, ಅದೊಂದು ಅಕ್ಷರಮಾಲೆ. 19ನೇ ಶತಮಾನದಲ್ಲಿ ಗಾಳಿ ತಿರುಗಿತು. ಸ್ವೀಡಿಷ್ ಪದ ಬಿಟ್ಟು ಹೊಸದಾಗಿ ಕಟ್ಟೋಣ ಅಂತ ಹೊರಟರು. ಕರೆಂಟಿಗೆ ‘ಸ್ಯಾಹ್ಕ್ಯೊ’, ಫೋನಿಗೆ ‘ಮಾತಾಡು’ ಅನ್ನೋ ಧಾತುವಿನಿಂದ ‘ಪುಹೆಲಿನ್’. ಆ ದಾರಿ ಈಗಲೂ ನಡೆದಿದೆ, ಕಂಪ್ಯೂಟರ್‌ಗೆ ‘ಅರಿವಿನ ಯಂತ್ರ’ ಅಂತ ‘ತಿಯೆತೊಕೊನೆ’. ಆದರೆ ಹೆಲ್ಸಿಂಕಿಯ ಬೀದಿಯ ಹುಡುಗರು ಅದನ್ನೆಲ್ಲ ಕೇಳಲಿಲ್ಲ. ಊರಿಗೆ ‘ಸ್ತಾದಿ’ ಅಂದರು, ಟ್ರಾಮಿಗೆ ‘ಸ್ಪೋರ’ ಅಂದರು. ಮೊದಲಕ್ಷರದ ಒತ್ತು ಹಾಗೇ ಉಳಿಯಿತು. ಸಾವಿರಾರು ವರ್ಷ ಫಿನ್ನಿಷ್ ನಾಲಿಗೆ ಒಪ್ಪದ ಸದ್ದನ್ನು ಈ ಆಡುಮಾತು ಖುಷಿಯಿಂದ ಒಪ್ಪಿಕೊಂಡಿತು.

ಈಗ ಕನ್ನಡ. ‘ಲ್ಲ’ ಮತ್ತು ‘ಅಲ್ಲಿ’ ಹೋಲುತ್ತವೆ, ನಿಜ. ಆದರೆ ಇಂದಿನ ರೂಪ ಇಟ್ಟು ಹೋಲಿಸಬಾರದು, ಹಿಂದಕ್ಕೆ ಹೋಗಬೇಕು. ಫಿನ್ನಿಷ್‌ನ ‘ಲ್ಲ’ ಹಿಂದೆ ‘ಲ್ನ’ ಆಗಿತ್ತು. ‘ಲ’ ಒಂದು ಪ್ರತ್ಯಯ, ‘ನ’ ಇನ್ನೊಂದು. ಎರಡೂ ಕೂಡಿ ಲ್ಲ ಆಯಿತು. ಕನ್ನಡದಲ್ಲಿ ಹಿಂದಕ್ಕೆ ಹೋದರೆ ‘ಅಲ್ಲಿ’ಯ ಪಕ್ಕದಲ್ಲಿ ‘ಒಳ್’ ಜಾಸ್ತಿ ಸಿಗುತ್ತದೆ: ‘ಮನೆಯೊಳ್’, ‘ನಾಡೊಳ್’. ಹಿಂದಕ್ಕೆ ಹೋದಷ್ಟೂ ಹೋಲಿಕೆ ಕಡಿಮೆಯಾಗುತ್ತದೆ. ನಂಟು ಇದ್ದರೆ ಹೆಚ್ಚಾಗಬೇಕಿತ್ತು. ಫಿನ್ನಿಷ್‌ನಲ್ಲಿ ‘ಕಿವಿ’ ಅಂದರೆ ಕಲ್ಲು. ಸದ್ದು ಅಚ್ಚು ನಮ್ಮದೇ, ಅರ್ಥಕ್ಕೆ ಸಂಬಂಧವೇ ಇಲ್ಲ. ಸಾವಿರಾರು ಪದಗಳಿರುವ ಎರಡು ಭಾಷೆಗಳಲ್ಲಿ ಇಂಥ ಆಕಸ್ಮಿಕ ಸಿಕ್ಕೇ ಸಿಗುತ್ತದೆ.

ಪದಕ್ಕೆ ಪ್ರತ್ಯಯ ಅಂಟಿಸುತ್ತ ಹೋಗುವ ರೀತಿ ಎರಡರಲ್ಲೂ ಒಂದೇ ಥರ. ‘ನನ್ನ ಮನೆಯಲ್ಲಿ’ ಅನ್ನೋದಕ್ಕೆ ಅವರು ‘ತಲೊಸ್ಸನಿ’ ಅನ್ನುತ್ತಾರೆ, ಒಂದೇ ಪದ. ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣವನ್ನು 1856ರಲ್ಲಿ ಬರೆದ ರಾಬರ್ಟ್ ಕಾಲ್ಡ್‌ವೆಲ್‌ಗೂ ಇದು ಕಣ್ಣಿಗೆ ಬಿದ್ದಿತ್ತು. ಫಿನ್ನಿಷ್, ತುರ್ಕಿ ಭಾಷೆಗಳ ಜೊತೆ ದ್ರಾವಿಡಕ್ಕೆ ನಂಟಿದೆ ಅಂತ ಅವರು ವಾದಿಸಿದರು. ಇವತ್ತು ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಅಂಟಿಸುವ ರೀತಿ ಜಪಾನೀಸ್‌ನಲ್ಲೂ ಇದೆ, ಆಫ್ರಿಕಾದ ಸ್ವಾಹಿಲಿಯಲ್ಲೂ ಇದೆ. ರೀತಿ ಒಂದೇ ಆದರೆ ಸಾಲದು, ಪ್ರತ್ಯಯಗಳ ಸದ್ದೂ ಕ್ರಮವಾಗಿ ಹೊಂದಬೇಕು. ಅದು ಹೊಂದುವುದಿಲ್ಲ. ಆದರೆ ಕನ್ನಡ ಬಲ್ಲ ನಿಮಗೆ ವಿಭಕ್ತಿಯ ಹೆದರಿಕೆ ಇರುವುದಿಲ್ಲ. ಇಂಗ್ಲಿಷ್ ಮಾತ್ರ ಬಲ್ಲವರು ಬೆವರುವ ಜಾಗದಲ್ಲಿ ನೀವು ಸಲೀಸಾಗಿ ನಡೆಯುತ್ತೀರಿ.

ಇನ್ನು ಮುಂದೆ ಹೊಸ ಪದ ಕಂಡಾಗ ನೀವೇ ಕೆದಕಿ ನೋಡಿ. ಫಿನ್ಲೆಂಡಿನ ಭಾಷೆಗಳ ಸಂಸ್ಥೆ, ಅಲ್ಲಿಯವರು ‘ಕೊತುಸ್’ ಅನ್ನುತ್ತಾರೆ, ಪದಗಳ ಮೂಲ ಹೇಳುವ ನಿಘಂಟನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ನಿಮ್ಮ ಫಿನ್ನಿಷ್‌ಗೂ ಅದು ಒಳ್ಳೆ ಅಭ್ಯಾಸ. ವಾರದ ಹೆಸರುಗಳಿಂದ ಶುರು ಮಾಡಿ. ಗುರುವಾರ ‘ತೊರ್ಸ್ತೈ’, ಅದರಲ್ಲಿ ಥೋರ್ ದೇವರಿದ್ದಾನೆ. ಬುಧವಾರದಲ್ಲಿ ಓಡಿನ್ ದೇವರು ಇರಬೇಕಿತ್ತು, ಫಿನ್ನರು ಅವನನ್ನು ಬಿಟ್ಟು ‘ವಾರದ ನಡು’ ಅಂತ ‘ಕೆಸ್ಕಿವೀಕ್ಕೊ’ ಮಾಡಿಕೊಂಡರು. ಶನಿವಾರ ‘ಲವಂತೈ’. ಸ್ವೀಡಿಷ್, ಐಸ್‌ಲ್ಯಾಂಡಿಕ್ ಭಾಷೆಗಳ ತಾಯಿಯಾದ ಹಳೆಯ ನಾರ್ಸ್ ಭಾಷೆಯಲ್ಲಿ ಅದರ ಅರ್ಥ ಸ್ನಾನದ ದಿನ. ಸೌನಾ, ಅಂದರೆ ಆವಿಯ ಸ್ನಾನದ ಮನೆ, ಕಾಯಿಸಲು ಫಿನ್ನರು ಮೊದಲಿನಿಂದಲೂ ಹಿಡಿದ ವಾರವೂ ಅದೇ.